ಹುಡುಗರನ್ನು ಓಡಿಸಿದರೆ ಓಣಿ ಉದ್ಧಾರವಾದೀತೆ?

ಧಾರವಾಡದ ಸಪ್ತಾಪುರ ಮತ್ತು ಅದರ ಸುತ್ತಲಿನ ಬಡಾವಣೆಗಳಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಟ್ಟ ಮನೆಗಳ ಬಗ್ಗೆ ನೆರೆಹೊರೆಯವರ ದೂರು ಹೊಸದಲ್ಲ. ಸರಿರಾತ್ರಿಯ ಮೇಲೂ ಮಾಳಿಗೆಯಲ್ಲಿ ಗದ್ದಲ, ಬಾಗಿಲಿಗೆ ಅಡ್ಡಲಾಗಿ ನಿಂತ ಮೋಟಾರು ಸೈಕಲ್ಲುಗಳು, ಗಟಾರದಲ್ಲಿ ತೇಲುವ ಊಟದ ಪೊಟ್ಟಣಗಳು. ಬೆಳಗಿನ ಪಾಳಿಗೆ ಹೋಗುವ ಗಿರಣಿ ಕಾಮಗಾರನ ನಿದ್ದೆ ಕೆಟ್ಟರೆ ಅವನ ಬೆರಳು ಯಂತ್ರಕ್ಕೆ ಸಿಕ್ಕೀತು. ಈ ದೂರನ್ನು ಹಗುರಾಗಿ ಕಾಣುವವರು ನಾವಲ್ಲ. ಆದರೆ ಹುಡುಗರನ್ನು ಓಣಿಯಿಂದಲೇ ಖಾಲಿ ಮಾಡಿಸಬೇಕೆಂಬ ಕೂಗಿಗೆ ದನಿಗೂಡಿಸಲಾರೆವು.

ಈ ಹುಡುಗರು ಯಾರು? ಕೊಪ್ಪಳ, ಗದಗ, ವಿಜಯಪುರದ ಕಡೆಯ ಒಕ್ಕಲಿಗರ, ಕೂಲಿಕಾರರ ಮಕ್ಕಳು. 1917ರಲ್ಲಿ ಕರ್ನಾಟಕ ಕಾಲೇಜು ಹುಟ್ಟಿದಂದಿನಿಂದ ಧಾರವಾಡ ಪರಊರ ಮಕ್ಕಳನ್ನು ಸಾಕಿದ ಊರು. ವಾರಾನ್ನ ಹಾಕಿದ ಮನೆಗಳುಂಟು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಈಗ ಬರುವವರಲ್ಲಿ ಬಹುಮಂದಿ ಕಾಲೇಜಿನವರಲ್ಲ, ಸರಕಾರಿ ನೌಕರಿಯ ಪರೀಕ್ಷೆಗೆ ತಯಾರಿ ನಡೆಸುವವರು. ಯಾವ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದ ಇವರಿಗೆ ಸರಕಾರದ ವಿದ್ಯಾರ್ಥಿ ನಿಲಯದ ಬಾಗಿಲು ತೆರೆಯುವುದಿಲ್ಲ. ಕೊಠಡಿ ಹುಡುಕದೆ ಮತ್ತೇನು ಮಾಡಿಯಾರು?

545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರದಲ್ಲಿ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲದಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನಡುವೆ ಇಪ್ಪತ್ತೇಳು ತಿಂಗಳು! ಪ್ರಾಮಾಣಿಕವಾಗಿ ಬರೆದವನು ಆ ಅಷ್ಟೂ ತಿಂಗಳ ಬಾಡಿಗೆಯನ್ನು ಯಾರ ಪಾಪಕ್ಕೆ ತೆತ್ತನು?

ಇನ್ನು ಮನೆಯ ಮಾಲಿಕರ ಲೆಕ್ಕ. ಸಂಸಾರವಂದಿಗನೊಬ್ಬ ತಿಂಗಳಿಗೆ 8,000 ರೂಪಾಯಿ ಕೊಡಬಲ್ಲನೆನ್ನಿ. ಅದೇ ಮನೆಗೆ ಹತ್ತು ಹುಡುಗರನ್ನು ತುಂಬಿ ತಲೆಗೆ 2,500ರಂತೆ ಎತ್ತಿದರೆ 25,000 ಆಯಿತು. ಮಾಲಿಕ ಯಾರನ್ನು ಆರಿಸಿಯಾನು? ಕಾಮಗಾರನ ಸಂಸಾರ ಊರ ಹೊರಗೆ ಸರಿಯುವುದು ಹೀಗೆ. ಅದನ್ನು ಸರಿಸಿದವನು ವಿದ್ಯಾರ್ಥಿಯಲ್ಲ. ಮಾಲಿಕ ಬೇರೆಲ್ಲೋ ನೆಮ್ಮದಿಯಾಗಿ ಮಲಗಿರುತ್ತಾನೆ. ಗದ್ದಲ ನಮಗೆ, ಬಾಡಿಗೆ ಅವನಿಗೆ.

1999ರ ಬಾಡಿಗೆ ಕಾಯಿದೆಯನ್ನು ನಂಬುವಂತಿಲ್ಲ. ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಮೊದಲೇ ಕೈಬಿಟ್ಟಿದೆ. ಆದರೆ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ 2024ರಲ್ಲಿ ಇಂಥ ವಸತಿಗಳಿಗೆ ನಿಯಮ ಮಾಡಿತು: ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಕೋರಮಂಗಲದ ವಸತಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಂದ ಬುದ್ಧಿ ಅದು. ನಮ್ಮಲ್ಲಿಯೂ ಅಂಥದೊಂದು ನಡೆಯಲೆಂದು ಕಾಯಬೇಕೆ? ಆ ಅಳತೆಯಲ್ಲಿ 600 ಚದರ ಅಡಿಯ ಮನೆಗೆ ಎಂಟೇ ಜನ. ಎಂಟು ಜನಕ್ಕೇ ಸಾವಿರಕ್ಕೂ ಮೇಲೆ ಲೀಟರ್ ನೀರು ಬೇಕು. ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಓಣಿಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೇಡಿಕೆ ಇಷ್ಟು. ಇಂಥ ಪ್ರತಿಯೊಂದು ಮನೆ ಪಾಲಿಕೆಯಲ್ಲಿ ನೋಂದಣಿಯಾಗಲಿ. ಮಾಲಿಕನ ಹೆಸರು, ದೂರವಾಣಿ ಬಾಗಿಲ ಮೇಲಿರಲಿ. ಮಿತಿ ಮೀರಿ ತುಂಬಿದರೆ ದಂಡ ಅವನ ಮೇಲೆ ಬೀಳಲಿ. ಪರೀಕ್ಷಾರ್ಥಿಗಳಿಗೂ ಸರಕಾರ ವಸತಿ ನಿಲಯ ಕಟ್ಟಿಸಲಿ. "ಸಭ್ಯ ಹುಡುಗರಿಗೆ ಮಾತ್ರ ಕೊಡುತ್ತೇವೆ" ಎನ್ನುತ್ತ ಜಾತಿ ವಿಚಾರಿಸುವ ಮಾಲಿಕರನ್ನೂ ನಾವು ಬಲ್ಲೆವು. ಓಣಿಯ ನೆಮ್ಮದಿಯ ಹೆಸರಿನಲ್ಲಿ ಆ ಕೆಲಸಕ್ಕೆ ನಮ್ಮವರು ಕೈಗೂಡಿಸಬಾರದು.

ಮಿತ್ರರಾದ ವಿದ್ಯಾರ್ಥಿಗಳಿಗೂ ಒಂದು ಮಾತು. ಶಾಲೆಯಲ್ಲಿ ನಿಮ್ಮಂಥವರ ಕಿವಿ ಹಿಂಡಿದ ಹಳೆಯ ಅಭ್ಯಾಸ ನಮಗುಂಟು. ಗೋಡೆಯ ಆಚೆ ಮಲಗಿದವನು ನಿಮ್ಮ ತಂದೆಯಂತೆಯೇ ದುಡಿದು ದಣಿದವನು. ಹತ್ತು ಗಂಟೆಯ ಮೇಲೆ ದನಿ ತಗ್ಗಿಸಿರಿ.

ಖಾನಾವಳಿ, ಚಹದಂಗಡಿಯವರು ಈ ಹುಡುಗರಿಂದಲೇ ಬದುಕುತ್ತಾರೆ, ಯಾವ ಮನೆಯಲ್ಲಿ ಎಷ್ಟು ಜನ ಎಂಬುದನ್ನೂ ಬಲ್ಲರು. ನಿಮ್ಮ ಓಣಿಯಲ್ಲಿ ಇಂಥ ಮನೆಗಳೆಷ್ಟು, ಮಾಲಿಕರು ಎಲ್ಲಿರುತ್ತಾರೆ, ನಲ್ಲಿ ಎಷ್ಟು, ಪಾಯಖಾನೆ ಎಷ್ಟು ಎಂಬುದನ್ನು ಬರೆದು ಪಕ್ಷದ ಕಚೇರಿಗೆ ಮುಟ್ಟಿಸಿರಿ. ಪಟ್ಟಿ ಹಿಡಿದು ಪಾಲಿಕೆಗೆ ಹೋಗೋಣ. ಹುಡುಗರ ಹೆಸರು ಬೇಡ.