ದೊಡ್ಡ ಬ್ಯಾಂಕುಗಳ ಲಾಭದಲ್ಲಿ ಬಡವರ ಸೂರಿಗೂ ಪಾಲಿರಲಿ

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿತು, ಪೇಟೆಯ ಓಣಿಗಳಿಗೆ ನೀರು ನುಗ್ಗಿತು. ಹಿಡಕಲ್ ಜಲಾಶಯದ ಕೆಳಗಿನ ಮಸಗುಪ್ಪಿಯಂಥ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗೆ ನೆರೆಗಿಂತ ನೆರೆಯ ಮರುವಾರವೇ ಗಂಡಾಂತರ. ನೀರು ಕುಡಿದ ಗೋಡೆ ಬಿಸಿಲು ಬಿದ್ದ ಮೇಲೆ ಬಿರುಕು ಬಿಟ್ಟು ಕುಸಿಯುತ್ತದೆ. ಪೂರ್ತಿ ಬಿದ್ದ ಮನೆಗೆ ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಆಗ ಇದ್ದದ್ದು 95,100 ರೂಪಾಯಿ. ಅಷ್ಟರಲ್ಲಿ ಮನೆ ಏಳುವುದಿಲ್ಲ ಎಂದೇ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು.

ಅದೇ ವರ್ಷದ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟಂತೆ ಎಂದು ಸರ್ಕಾರವೇ ಹೇಳಿತ್ತು. ದೊಡ್ಡ ಬ್ಯಾಂಕುಗಳಿಗೂ ಈ ಹೊಸ ದರ ತೆರೆದಿತ್ತು. ಅಕ್ಟೋಬರ್‌ನಲ್ಲಿ ಕರ್ನಾಟಕದ ನೆರೆಗೆ ದೆಹಲಿಯಿಂದ ಬಂದ ಮಧ್ಯಂತರ ನೆರವು 1,200 ಕೋಟಿ.

ಈ ಅನ್ಯಾಯವನ್ನು ಸರಿಪಡಿಸುವ ದಾರಿ ಇದೆ. 2024–25ರಲ್ಲಿ ಸ್ಟೇಟ್ ಬ್ಯಾಂಕಿನ ನಿವ್ವಳ ಲಾಭ ಸುಮಾರು 70,900 ಕೋಟಿ, ಎಚ್‌ಡಿಎಫ್‌ಸಿ ಬ್ಯಾಂಕಿನದು 67,300 ಕೋಟಿ, ಐಸಿಐಸಿಐನದು 47,200 ಕೋಟಿ. ಈ ಮೂರರ ಲಾಭದಲ್ಲಿ ಶೇ 2ರಷ್ಟನ್ನು ವಸತಿ ಸೆಸ್ ಎಂದು ತೆಗೆದರೆ 3,700 ಕೋಟಿ ದಾಟುತ್ತದೆ. ಮನೆಗೆ 5 ಲಕ್ಷದಂತೆ ಹಂಚಿದರೆ ವರ್ಷಕ್ಕೆ 74,000 ಮನೆ.

ಇದು ಹೊರಗೆಲ್ಲೂ ಇಲ್ಲದ ಯೋಚನೆಯಲ್ಲ. ಆಸ್ಟ್ರೇಲಿಯಾ 2017ರಿಂದ ತನ್ನ ಐದು ದೊಡ್ಡ ಬ್ಯಾಂಕುಗಳ ಮೇಲೆ ವಿಶೇಷ ತೆರಿಗೆ ಹಾಕುತ್ತಿದೆ. ಬ್ರಿಟನ್ ಬ್ಯಾಂಕುಗಳ ಲಾಭದ ಮೇಲೆ ಹೆಚ್ಚುವರಿ ತೆರಿಗೆ ವಸೂಲಿ ಮಾಡುತ್ತದೆ. ವಿಯೆನ್ನಾ ನಗರವಂತೂ 1923ರಲ್ಲೇ ವಸತಿಗೆಂದು ಪ್ರತ್ಯೇಕ ತೆರಿಗೆ ತಂದು, ಹತ್ತೇ ವರ್ಷದಲ್ಲಿ 60,000ಕ್ಕೂ ಹೆಚ್ಚು ಮನೆ ಕಟ್ಟಿತು. ನಮ್ಮಲ್ಲೂ ಆದ್ಯತಾ ವಲಯದ ಸಾಲದ ಗುರಿ ಮುಟ್ಟದ ಬ್ಯಾಂಕುಗಳಿಂದ ಹಣ ಪಡೆಯುವ ಕೈಗೆಟಕುವ ವಸತಿ ನಿಧಿಯನ್ನು ರಾಷ್ಟ್ರೀಯ ವಸತಿ ಬ್ಯಾಂಕಿನಲ್ಲಿ ಸ್ಥಾಪಿಸಲಾಗಿದೆ. ಆದರೆ ಅದು ಸಾಲದ ನಿಧಿ. ಕೂಲಿಯ ಮೇಲೆ ಬದುಕುವ ಕುಟುಂಬ ಆ ಸಾಲದ ಬಾಗಿಲಿಗೆ ಹೋಗುವುದಾದರೂ ಹೇಗೆ?

ಸಾಲವಲ್ಲದ ನೆರವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ. 2016ರಲ್ಲಿ ಗೊತ್ತುಮಾಡಿದ ಈ ಮೊತ್ತ 2024–29ರ ಹಂತಕ್ಕೂ ಅಷ್ಟೇ. ಅದೂ ಕಂತಿನಲ್ಲಿ: ತಳಪಾಯದ ಫೋಟೊ ಏರಿಸಬೇಕು, ಗೋಡೆಯ ಫೋಟೊ ಏರಿಸಬೇಕು, ಆಮೇಲೆ ಛಾವಣಿಯದು. ಒಂದು ಕಂತು ತಡವಾದರೆ ಫಲಾನುಭವಿ ಕೈಸಾಲ ಮಾಡುತ್ತಾನೆ, ಇಲ್ಲವೇ ಕಿಟಕಿ ಮಟ್ಟಕ್ಕೆ ನಿಂತ ಗೋಡೆಯ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಮಳೆಗಾಲ ಕಳೆಯುತ್ತಾನೆ. ಮೂಡಲಗಿ, ಹುಕ್ಕೇರಿಯ ಯಾವ ಗೌಂಡಿಯನ್ನು ಕೇಳಿದರೂ 1.20 ಲಕ್ಷಕ್ಕೆ ಮನೆ ಮುಗಿಯುತ್ತದೆ ಎನ್ನಲಾರ.

ಬ್ಯಾಂಕು ಈ ಸೆಸ್ಸಿನ ಹೊರೆಯನ್ನು ಗ್ರಾಹಕರ ಮೇಲೆ ಹಾಕದೇ ಬಿಡುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ಸೆಸ್ ವಹಿವಾಟಿನ ಮೇಲೆ ಬೀಳದೆ, ದೊಡ್ಡದೊಂದು ಮಿತಿ ದಾಟಿದ ಲಾಭದ ಮೇಲೆ ಮಾತ್ರ ಬೀಳಬೇಕು. ಬೆಳಗಾವಿ ಜಿಲ್ಲೆಯ ಊರೂರಲ್ಲಿರುವ ಪತ್ತಿನ ಸಹಕಾರಿ ಸಂಘಗಳಿಗೆ, ಸಣ್ಣ ಬ್ಯಾಂಕುಗಳಿಗೆ ಅದು ತಾಗಕೂಡದು.

ಇನ್ನೊಂದು ತೊಡಕು ದೊಡ್ಡದು. ಲಾಭದ ಮೇಲಿನ ತೆರಿಗೆ ಕೇಂದ್ರದ ಅಧಿಕಾರ. ಸೆಸ್ ಹಣ ರಾಜ್ಯಗಳಿಗೆ ಹಂಚುವ ತೆರಿಗೆ ಪಾಲಿನೊಳಗೆ ಬರುವುದಿಲ್ಲ. ಆದರೆ ರಸ್ತೆ ಸೆಸ್ಸಿನ ಹಣದಲ್ಲಿ ರಾಜ್ಯದ ರಸ್ತೆಗಳಿಗೂ ಕೊಡಲು ಕಾನೂನಿನಲ್ಲೇ ಅವಕಾಶ ಇಟ್ಟಿದ್ದಾರೆ. ವಸತಿ ಸೆಸ್ಸಿಗೂ ಅದೇ ಕ್ರಮ ಬೇಕು. ಇಲ್ಲದಿದ್ದರೆ ಆ ಹಣ ಘಟಪ್ರಭೆಯ ದಂಡೆಗೆ ಬಂದು ಮುಟ್ಟುವ ಖಾತರಿಯಿಲ್ಲ.

ಗೋಕಾಕ, ಮೂಡಲಗಿಯವರ ಮತ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ, ಹುಕ್ಕೇರಿಯವರದು ಚಿಕ್ಕೋಡಿಗೆ. ಈ ಎರಡೂ ಕ್ಷೇತ್ರಗಳ ಸಂಸದರು ಪಕ್ಷ ಬದಿಗಿಟ್ಟು, ಮುಂದಿನ ಬಜೆಟ್ ಅಧಿವೇಶನದಲ್ಲಿ ಈ ಬೇಡಿಕೆಯನ್ನು ಹಣಕಾಸು ಸಚಿವರ ಮುಂದಿಡಲಿ.