ಪರೀಕ್ಷಕರ ಪರೀಕ್ಷೆ

ಅಧಿಕಾರದಲ್ಲಿರುವವರನ್ನು ಪರೀಕ್ಷಿಸುವುದು ವೃತ್ತಪತ್ರಿಕೆಯ ಧರ್ಮವೆಂಬ ಮಾತಿಗೆ ವಿವೇಕಿಗಳಾರೂ ಎದುರಾಡರು. ಪರೀಕ್ಷೆಯು ಕಠಿನವಾಯಿತೆಂದು ರಾಜಕಾರಣಿಯು ಗೋಳಿಡುವುದೂ ಹೊಸದಲ್ಲ. ಆ ಗೋಳಿಗೆ ಕಿವಿಗೊಡಬೇಕಾದುದೂ ಇಲ್ಲ. ವಿಚಾರಿಸತಕ್ಕ ವಿಷಯವು ಬೇರೆ. ಅಕ್ಕಸಾಲಿಗನ ಒರೆಗಲ್ಲು ಎಲ್ಲರ ಚಿನ್ನಕ್ಕೂ ಒಂದೇ. ಪತ್ರಿಕೆಯ ಒರೆಗಲ್ಲು ಎಲ್ಲ ಪಕ್ಷದವರಿಗೂ ಒಂದೇ ಆಗಿದೆಯೆ? ಒಬ್ಬನ ತಪ್ಪು ಮೊದಲ ಪುಟದಲ್ಲಿ ದಪ್ಪಕ್ಷರಗಳಿಂದಲೂ, ಅಂಥದೇ ಮತ್ತೊಬ್ಬನ ತಪ್ಪು ಒಳಪುಟದ ಮೂಲೆಯಲ್ಲಿಯೂ ಅಚ್ಚಾದರೆ, ಸುಳ್ಳು ಒಂದಕ್ಷರವೂ ಇಲ್ಲದಿದ್ದರೂ ಸತ್ಯಕ್ಕೆ ಅಪಚಾರವಾದಂತೆಯೇ ಸರಿ.

ಹಿಂದೆ ಪತ್ರಿಕೆಯ ಬಾಯಿ ಕಟ್ಟುತ್ತಿದ್ದುದು ರಾಜಾಜ್ಞೆ. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಹದ್ದಿನಲ್ಲಿಡಲು ಕಾನೂನು ಹೊರಡಿಸಿದಾಗ, ನಾಡು ತಾತಯ್ಯನೆಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವುದಕ್ಕಿಂತ ಪತ್ರಿಕೆಯನ್ನು ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿದರು. 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯು ಸಂಪಾದಕೀಯದ ಸ್ಥಳವನ್ನು ಬರಿದಾಗಿ ಬಿಟ್ಟಿತು. ಆ ಬರಿಯ ಸ್ಥಳವೇ ಮಾತನಾಡಿತು. ಈಚಿನ ದಿನಗಳಲ್ಲಿಯಾದರೋ ಅಂಥ ಸ್ಥಳವು ಬರಿದಾಗುವುದಿಲ್ಲ, ಮಾರಾಟವಾಗುತ್ತದೆ. ದಂಡಕ್ಕೆ ಬಾಗದ ಲೇಖನಿಯು ಕಾಂಚಾಣಕ್ಕೆ ಬಾಗಿದುದುಂಟು.

ಇದು ಬರಿಯ ನಿಂದೆಯಲ್ಲ. ಉತ್ತರಪ್ರದೇಶದ ಬಿಸೌಲಿ ಕ್ಷೇತ್ರದಿಂದ 2007ರಲ್ಲಿ ಗೆದ್ದಿದ್ದ ಶಾಸಕಿಯೊಬ್ಬರನ್ನು ಚುನಾವಣಾ ಆಯೋಗವು 2011ರಲ್ಲಿ ಮೂರು ವರ್ಷಗಳ ಕಾಲ ಅನರ್ಹಗೊಳಿಸಿತು. ಹಣ ಕೊಟ್ಟು ಸುದ್ದಿಯ ವೇಷದಲ್ಲಿ ಅಚ್ಚುಹಾಕಿಸಿದ ಪ್ರಶಸ್ತಿಯ ವೆಚ್ಚವನ್ನು ಲೆಕ್ಕದಲ್ಲಿ ತೋರಿಸದಿದ್ದುದೇ ಅವರ ಅಪರಾಧ. ಕೊಂಡವರಿಗೆ ಶಿಕ್ಷೆಯಾಯಿತು, ಮಾರಿದವರಿಗೋ? ಭಾರತೀಯ ಪತ್ರಿಕಾ ಮಂಡಲಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವುಂಟೇ ಹೊರತು ದಂಡ ವಿಧಿಸುವ ಅಧಿಕಾರವಿಲ್ಲ. ಇಂಥ ವ್ಯಾಪಾರವನ್ನು ಶೋಧಿಸಲೆಂದು ಆ ಮಂಡಲಿಯೇ ನೇಮಿಸಿದ ಇಬ್ಬರು ಸದಸ್ಯರು 71 ಪುಟಗಳ ವರದಿಯನ್ನು ಸಿದ್ಧಪಡಿಸಿ, ಪತ್ರಿಕೆಗಳ ಹೆಸರುಗಳನ್ನೂ ಹೇಳಿದರು. 2010ರಲ್ಲಿ ಮಂಡಲಿಯು ಹೆಸರುಗಳಿಲ್ಲದ ಸಂಕ್ಷೇಪವನ್ನು ಮಾತ್ರ ಹೊರಗಿಟ್ಟಿತು. ಮೂಲವರದಿಯು ಬೆಳಕು ಕಂಡುದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆಜ್ಞೆಯಿಂದ. ಮಂತ್ರಿಯ ಕಡತವನ್ನು ಬಯಲಿಗಿಡೆಂದು ಗರ್ಜಿಸುವ ವೃತ್ತಿಯು ತನ್ನ ಕಡತವನ್ನು ಬಚ್ಚಿಟ್ಟುದಕ್ಕೆ ಯಾವ ಸಮಾಧಾನವುಂಟು?

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಆಳುವವನನ್ನೂ ವಿರೋಧಿಯನ್ನೂ ಸಮವಾಗಿ ಕಾಣುವುದು ಉಚಿತವೆ ಎಂಬುದು ಮೊದಲನೆಯದು. ಅಧಿಕಾರವುಳ್ಳವನನ್ನು ಹೆಚ್ಚು ಬಾರಿ ಒರೆಗೆ ಹಚ್ಚಬೇಕು, ನಿಜ. ಆದರೆ ಒರೆಗಲ್ಲು ಬದಲಾಗಕೂಡದು. ಜಾಹಿರಾತಿಲ್ಲದೆ ಪತ್ರಿಕೆಯು ಬದುಕಲಾರದೆಂಬುದು ಎರಡನೆಯದು. ಜಾಹಿರಾತನ್ನು ಜಾಹಿರಾತೆಂದು ಹೆಸರಿಟ್ಟು ಅಚ್ಚುಹಾಕಲಿ, ಯಾರೂ ಬೇಡವೆನ್ನರು. ಹೆಸರು ಮರೆಸುವುದೇ ದೋಷ.

ಕೊನೆಗೆ ವಾಚಕಮಹಾಶಯರ ಪಾಲೂ ಇದರಲ್ಲಿಲ್ಲದಿಲ್ಲ. ತಮ್ಮ ಪಕ್ಷದವನನ್ನು ಹೊಗಳಿದ ಪತ್ರಿಕೆಯು ನಿಷ್ಪಕ್ಷಪಾತವೆಂದೂ, ತೆಗಳಿದುದು ಮಾರಿಕೊಂಡದ್ದೆಂದೂ ನಿರ್ಣಯಿಸುವ ಮನೆಗಳು ಎಷ್ಟಿಲ್ಲ! ಮೆಚ್ಚಿದವನ ಮೇಲೆ ಬಂದ ಆರೋಪವನ್ನು, ಮೆಚ್ಚದವನ ಮೇಲೆ ಬಂದಿದ್ದರೆ ಹೇಗೆ ಓದುತ್ತಿದ್ದೆವೋ ಹಾಗೆಯೇ ಓದುವ ಅಭ್ಯಾಸವು ಮನೆಮನೆಯಲ್ಲಿ ಬಾರದಿದ್ದರೆ, ಎರಡು ತಕ್ಕಡಿಯ ಅಂಗಡಿಗೆ ಗಿರಾಕಿಗಳ ಕೊರತೆಯಾಗದು.