ತಂಗಡಿಯ ಹೂವೂ ಬಳ್ಳಾರಿ ಜಾಲಿಯೂ

ಊರಿನ ಹೆಸರನ್ನು ಹೊತ್ತ ಮಾತ್ರಕ್ಕೆ ಗಿಡವು ಆ ಊರಿನದಾಗಲಾರದು. ನಾಡೆಲ್ಲ ‘ಬಳ್ಳಾರಿ ಜಾಲಿ’ ಎಂದು ಕರೆಯುವ ಮುಳ್ಳುಗಿಡದ ತವರು ಅಮೆರಿಕಾ ಖಂಡ. 1877ರ ಸುಮಾರಿಗೆ ಅದನ್ನು ಮದರಾಸು ಪ್ರಾಂತದ ಕಡಪೆಯ ಸೀಮೆಗೆ ತಂದು ಬಿತ್ತಿದರು. ಬಳ್ಳಾರಿಯೂ ಅಂದು ಅದೇ ಪ್ರಾಂತದಲ್ಲಿದ್ದಿತು. ಅತಿಥಿಯಾಗಿ ಬಂದುದು ಯಜಮಾನನಾಗಿ ಕುಳಿತಿದೆ. ಈ ಸೀಮೆಯ ಹುಟ್ಟುಗಿಡವಾದ ತಂಗಡಿಯಾದರೋ, ಹೊನ್ನಾವರಿಕೆ ಎಂಬ ಚಿನ್ನದ ಹೆಸರಿದ್ದೂ, ಕಳೆಯೆಂದು ಕೀಳಲ್ಪಡುತ್ತಿದೆ.

ಹಸಿರಾದರೆ ಸಾಲದೆ, ಯಾವ ಗಿಡವಾದರೇನು ಎಂದು ಕೆಲವರು ಕೇಳುವರು. ಸಾಲದು. ಜಾಲಿಯ ಕೆಳಗೆ ಹುಲ್ಲು ಏಳದು. ಅದರ ಕಾಯನ್ನು ತಿಂದ ದನವೇ ಬೀಜವನ್ನು ಸಗಣಿಯೊಡನೆ ಊರೂರಿಗೆ ಹಂಚುವುದು. ತಂಗಡಿಯ ಎಲೆಯಾದರೋ ಹಳದಿ ಚಿಟ್ಟೆಗಳ ಮರಿಹುಳುಗಳಿಗೆ ಆಹಾರ. ಅದರ ಹೂವಿನಲ್ಲಿ ಮಧುವಿಲ್ಲ, ಪರಾಗವೇ ಉಂಟು. ಕೇಸರದ ತುದಿಯ ಕಿರುರಂಧ್ರದಿಂದ ಆ ಪರಾಗವನ್ನು ಉದುರಿಸಲು ಬಡಗಿದುಂಬಿಯಂತಹ ಜೇನುಗಳು ಹೂವನ್ನಪ್ಪಿ ಝೇಂಕರಿಸಿ ನಡುಗಿಸಬೇಕು. ಇಂತಹ ನಂಟು ಯುಗಯುಗಗಳಲ್ಲಿ ಬೆಳೆದುದು. ಮಡಗಾಸ್ಕರಿನ ಗುಲ್ಮೊಹರನ್ನು ರಸ್ತೆಯ ಬದಿಗೆ ನೆಟ್ಟು ಒಂದೇ ಮಳೆಗಾಲದಲ್ಲಿ ಕೊಳ್ಳತಕ್ಕುದಲ್ಲ.

ಜಾಲಿಯು ಬಡವರ ಸೌದೆಯೆಂಬ ವಾದದಲ್ಲಿ ಸತ್ಯವಿದೆ. ಹಾಗಿದ್ದರೆ ಅದನ್ನು ಕಡಿದು ಉರಿಸಲಿ. ಆದರೆ ಬುಡವನ್ನು ಅಗೆದು ತೆಗೆಯದಿದ್ದಲ್ಲಿ ಮತ್ತೆ ಚಿಗುರುವುದೆಂಬುದನ್ನು ಮರೆಯಬಾರದು. ತಂಗಡಿಯು ನಿರುಪಯೋಗಿಯೆಂಬ ವಾದದಲ್ಲಿ ಮಾತ್ರ ಹುರುಳಿಲ್ಲ. ಅದರ ತೊಗಟೆ ಚರ್ಮವನ್ನು ಹದಮಾಡಿತು, ಕಡ್ಡಿ ಹಲ್ಲುಜ್ಜಿತು, ಸೊಪ್ಪು ಗದ್ದೆಗೆ ಗೊಬ್ಬರವಾಯಿತು. ನೆರೆಯ ತೆಲಂಗಾಣವು 2014ರಲ್ಲಿ ರಾಜ್ಯವಾದ ಬಳಿಕ ಇದೇ ಹೂವನ್ನು ರಾಜ್ಯಪುಷ್ಪವೆಂದು ವರಿಸಿತು. ಅಲ್ಲಿಯ ಬತುಕಮ್ಮನು ಈ ಹೂವಿಲ್ಲದೆ ಸಿಂಗಾರಗೊಳ್ಳಳು.

2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿ, ತರುವಾಯ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಗಳನ್ನು ವಿಧಿಸಿತು. ಸೊಂಡೂರಿನ ಬೆಟ್ಟಗಳಿಗೆ ಬೇಕಾದುದು ಬರಿಯ ಹಸಿರು ಬಣ್ಣವಲ್ಲ, ಅವುಗಳದೇ ಹುಲ್ಲು, ಪೊದೆ, ಹೂಗಳು. ತಂಗಡಿಯೊಂದೇ ಕಾಡಾಗದು, ನಿಜ. ಆದರೆ ಒಣನೆಲದಲ್ಲಿ ನಿಲ್ಲಬಲ್ಲುದು, ದನಕುರಿಗಳೂ ಅದನ್ನು ಅಷ್ಟಾಗಿ ಮೇಯವು. ಆರಂಭಕ್ಕೆ ಇದಕ್ಕಿಂತ ಯೋಗ್ಯವಾದುದು ಯಾವುದು?

ಬೆಳೆಸುವ ಬಗೆಯೂ ಕಷ್ಟವಲ್ಲ. ಒಣಗಿ ಕಂದಾದ ಚಪ್ಪಟೆ ಕಾಯಿಗಳನ್ನು ಆರಿಸಬೇಕು; ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಬಿಸಿನೀರೆರೆದು ಒಂದು ರಾತ್ರಿ ನೆನೆಯಿಸಿ, ಮುಂಗಾರಿನ ಮೊದಲ ಹದಕ್ಕೆ ಬಿತ್ತಬೇಕು. ನೀರು ನಿಲ್ಲುವ ಭತ್ತದ ಗದ್ದೆ ಅದಕ್ಕೆ ಸಲ್ಲದು. ಬದು, ದಾರಿಯ ಅಂಚು, ಶಾಲೆಯ ಬಯಲು ಸಲ್ಲುವುವು.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪದ ಸೀಮೆಯಲ್ಲಿ ಬೀಳುನೆಲವು ಕುಗ್ಗಿತು. ಉಳಿದ ಅಂಚುಗಳನ್ನೂ ಯಂತ್ರದಿಂದ ಕೆರೆದು ‘ಸ್ವಚ್ಛ’ಗೊಳಿಸಿದರೆ ನಾಳೆ ಬೀಜಕ್ಕೂ ತಂಗಡಿ ದೊರೆಯದು. ಸಿರಿಗೇರಿಯ ಮನೆಗಳು ಈ ವರ್ಷವೇ ಒಂದೊಂದು ಹಿಡಿ ಬೀಜವನ್ನು ಕಾಯ್ದಿಡಲಿ. ಮುಳ್ಳಿಗೆ ಜಿಲ್ಲೆಯ ಹೆಸರನ್ನಿತ್ತವರು ಹೂವಿಗೆ ಮೊಳದಷ್ಟು ನೆಲವನ್ನಾದರೂ ಕೊಡಬಾರದೆ?